ನಮ್ಮ ಭಾವ ಕಾಯುವ ಕರುಳು

ಗಂಡ ಏನು ಕೆಲಸ ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ನನ್ನ ಅಕ್ಕ ‘ಆರೋಗ್ಯ ಇಲಾಖೆಯಲ್ಲಿದ್ದಾರೆ’ ಎಂದು ಹೇಳಿ, ತಕ್ಷಣ ಕೇಳಿದವರ ಮಕ್ಕಳ ಓದಿನ ವಿಷಯ ತೆಗೆಯುತ್ತಿದ್ದಳು. ಅವರು ಅಷ್ಟಕ್ಕೇ ಬಿಡದೆ, ಇಲಾಖೆಯಲ್ಲಿ ಯಾವ ಕಡೆ ಎಂದು ಕೆದಕಿದರೆ ‘ಗಾಳಿ ವಿಭಾಗ’ ಎನ್ನುತ್ತಿದ್ದಳು. ಅದು ಪೂರ್ತಿ ಸುಳ್ಳೇನಲ್ಲ. ಭಾವ ಬೆಳಗ್ಗೆ ಒಂದು ದೊಡ್ಡ ಕರುಳಿಗೆ ಗಾಳಿ ತುಂಬುತ್ತಾರೆ, ದಿನವಿಡೀ ಅದರ ಬಾಗಿಲಲ್ಲಿ ಕೂತು ಕಾಯುತ್ತಾರೆ, ಸಂಜೆ ಗಾಳಿ ಬಿಟ್ಟು ಮಡಿಚಿ ಲಾರಿಗೆ ಹಾಕುತ್ತಾರೆ.

ಕರುಳು ಇಲಾಖೆಯದು. ನಸುಗೆಂಪು ಬಣ್ಣದ ದಪ್ಪ ರಬ್ಬರು ಬಟ್ಟೆ. ಯಂತ್ರ ಚಾಲೂ ಮಾಡಿದರೆ ಬುಸ್ಸೆಂದು ಎದ್ದು, ದೊಡ್ಡವರೂ ತಲೆ ಬಗ್ಗಿಸದೆ ನಡೆದು ಹೋಗಬಹುದಾದ ಸುರಂಗವಾಗಿ ನಿಲ್ಲುತ್ತದೆ. ಸಣ್ಣ ಕರುಳು ಬಂದು ದೊಡ್ಡದಕ್ಕೆ ಸೇರುವ ಕಡೆ ಜನ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಏರುವ ಭಾಗ, ಅಡ್ಡ ಭಾಗ, ಇಳಿಯುವ ಭಾಗ ಎಲ್ಲವನ್ನೂ ದಾಟಿ, ಊಟ ಎಲ್ಲಿಂದ ಹೊರಗೆ ಬರುತ್ತದೋ ಅಲ್ಲಿಂದಲೇ ಹೊರಗೆ ಬರಬೇಕು. ಕರುಳಿನ ಕಾಯಿಲೆ ಬಂದವರು ನಾಚಿಕೆಯಿಂದ ಬಾಯಿ ಬಿಡದೆ ಸಾಯುತ್ತಾರೆ, ಒಮ್ಮೆ ಒಳಗೆ ಓಡಾಡಿ ಬಂದರೆ ನಾಚಿಕೆ ಹೋಗುತ್ತದೆ ಎಂದು ಇಲಾಖೆಯ ಯಾರೋ ಪುಣ್ಯಾತ್ಮರಿಗೆ ಹೊಳೆದಿತ್ತು. ಹೊಳೆದದ್ದು ಒಳ್ಳೆಯದೇ. ಆದರೆ ಅದನ್ನು ಕಾಯಲು ಇಲಾಖೆಯ ಒಬ್ಬ ನೌಕರನೂ ಮುಂದೆ ಬರಲಿಲ್ಲ. ಒಬ್ಬರಿಗೆ ಬೆನ್ನು ನೋವು, ಇನ್ನೊಬ್ಬರಿಗೆ ರಬ್ಬರು ಆಗದು, ಮತ್ತೊಬ್ಬರ ಮಗಳಿಗೆ ಗಂಡು ನೋಡುತ್ತಿದ್ದರು.

ನಮ್ಮ ಜನರ ವಿಚಾರವೇ ನನಗೆ ಅರ್ಥವಾಗುವುದಿಲ್ಲ. ಮಗು ಅತ್ತರೆ ಕರುಳು ಚುರುಕ್ಕೆನ್ನುತ್ತದೆ, ಮಕ್ಕಳು ಕರುಳಿನ ಕುಡಿ, ತಾಯಿಯದು ಕರುಳಿನ ಸಂಕಟ. ಪ್ರೀತಿಯ ಮಾತು ಬಂದಾಗ ಕರುಳು ಬಾಯಿ ತುಂಬ ಬೇಕು. ಅದರ ಮೊದಲಿಗೆ ‘ದೊಡ್ಡ’ ಎಂದು ಸೇರಿಸಿ ನೋಡಿ, ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ.

ಭಾವನಿಗೆ ಗಾಳಿಯ ಕೆಲಸ ಹೊಸದಲ್ಲ. ಮೊದಲು ಸೈಕಲ್ ಪಂಚರ್ ಹಾಕುತ್ತಿದ್ದರು. ಆಮೇಲೆ ಮಕ್ಕಳು ಹತ್ತಿ ಕುಣಿಯುವ ಗಾಳಿ ಕೋಟೆಯೊಂದನ್ನು ಉದ್ಯಾನದಲ್ಲಿ ನಡೆಸುತ್ತಿದ್ದರು. ಎಲ್ಲಿ ಸೋರುತ್ತಿದೆ ಎಂಬುದನ್ನು ಕೆನ್ನೆ ಹಿಡಿದು ಪತ್ತೆ ಮಾಡುವುದು, ಹೊಲಿಗೆ ಬಿಡುವ ಮುಂಚೆ ಯಂತ್ರವನ್ನು ನಿಧಾನ ಮಾಡುವುದು ಅವರಿಗೆ ಗೊತ್ತಿತ್ತು. ಇಲಾಖೆಯವರು ಕೋಟೆ ನೋಡಿ, ಇವರೇ ಸರಿ ಎಂದು ಕರೆದುಕೊಂಡು ಹೋದರು. ಕೋಟೆಯಿಂದ ಕರುಳಿಗೆ ಬಡ್ತಿ ಎಂದು ನಾನು ಛೇಡಿಸಿದ್ದೆ. ಭಾವ ಬೇಸರ ಮಾಡಿಕೊಳ್ಳದೆ, ಕೋಟೆಯೊಳಗೆ ಮಕ್ಕಳು ವಾಂತಿ ಮಾಡುತ್ತಿದ್ದರು, ಇಲ್ಲಿ ಆ ತಾಪತ್ರಯವಿಲ್ಲ ಎಂದರು.

ನಾನು ಹೊಲಿಗೆಯವಳು. ಚೀಲ, ಕೊಡೆ, ಗಾಡಿಯ ಹೊದಿಕೆ, ಹೀಗೆ ದಪ್ಪ ಬಟ್ಟೆಯ ಕೆಲಸವೇ ಹೆಚ್ಚು. ಹಾಗಾಗಿ ಕರುಳು ಹರಿದಾಗಲೆಲ್ಲ ನನ್ನ ಅಂಗಡಿಗೆ ಬರುತ್ತದೆ. ಅದರ ಉಬ್ಬು ಉಬ್ಬು ಚೀಲಗಳಿಗೆಲ್ಲ ನನ್ನ ಕೈ ತಾಗಿದೆ. ಬಾಗಿಲ ಬಳಿಯ ಕವಾಟ ಹೊಲಿದವಳೂ ನಾನೇ. ಅದನ್ನು ನಿಜದ ಹಾಗೇ ಮಾಡಬೇಕೆಂದು ಭಾವ ಹಟ ಹಿಡಿದರು. ಸಣ್ಣ ಕರುಳಿನಿಂದ ಬಂದದ್ದು ಒಳಗೆ ಹೋಗಬೇಕು, ಹೋದದ್ದು ಹಿಂದೆ ಬರಬಾರದು. ಹಾಗೆ ಗಾಳಿ ತುಂಬಿದ ಎರಡು ದಪ್ಪ ತುಟಿ ಮಾಡಿ ಒಳಮುಖವಾಗಿ ಕೂರಿಸಿದೆ. ಹೊರಗಿನಿಂದ ತಳ್ಳಿದರೆ ಬಿಚ್ಚಿಕೊಳ್ಳುತ್ತದೆ, ಒಳಗಿನಿಂದ ತಳ್ಳಿದರೆ ಇನ್ನೂ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಇಳಿಯುವ ಭಾಗದ ಗೋಡೆಗೆ ಅಣಬೆಯ ಹಾಗೆ, ಒಂದಕ್ಕಿಂತ ಒಂದು ದೊಡ್ಡದಾದ ಮೂರು ಗುಂಡಿಗಳನ್ನೂ ಹೊಲಿದಿದ್ದೆ. ಕಾಯಿಲೆ ಹುಟ್ಟುವಾಗಿನದು ಹಸಿರು, ಬೆಳೆಯುವಾಗಿನದು ಹಳದಿ, ಕೈ ಮೀರಿದ್ದು ಕೆಂಪು.

ಹೊಸದರಲ್ಲಿ ಭಾವನಿಗೆ ಆ ಕೆಲಸ ತಲೆಗೇರಿತ್ತು. ಇಲಾಖೆಯ ವೈದ್ಯರು ಹೇಳಿಕೊಟ್ಟದ್ದನ್ನೆಲ್ಲ ಮನೆಗೆ ತಂದು ಊಟದ ಮೇಜಿನ ಮೇಲೆ ಹರಡುತ್ತಿದ್ದರು. ಅಕ್ಕ ತುತ್ತು ಎತ್ತುವ ಹೊತ್ತಿಗೆ ಸರಿಯಾಗಿ, ಸಣ್ಣ ಕರುಳು ಸಾರವನ್ನೆಲ್ಲ ಹೀರಿ ಹೆಸರು ತೆಗೆದುಕೊಳ್ಳುತ್ತದೆ, ದೊಡ್ಡದರ ಪಾಲಿಗೆ ಬರುವುದು ನೀರು, ನಾರು ಮತ್ತು ಬಯ್ಗುಳ ಎಂದು ಶುರು ಮಾಡುತ್ತಿದ್ದರು. ಆ ನೀರನ್ನು ಹೀರಿ ಮೈಗೆ ವಾಪಸು ಕೊಡುವುದು ಅದೇ, ಅದು ಒಂದು ದಿನ ಮುಷ್ಕರ ಹೂಡಿದರೆ ಮನುಷ್ಯ ಒಣಗಿ ಹೋಗುತ್ತಾನೆ ಎಂದು ಅದರ ಪರವಾಗಿ ವಾದ ಮಾಡುತ್ತಿದ್ದರು. ಒಂದು ದಿನ ಅಕ್ಕ ತಟ್ಟೆ ದೂಡಿ ಎದ್ದಳು. ಹೊಸಿಲು ದಾಟಿ ಒಳಗೆ ಬಂದ ಮೇಲೆ ಕರುಳಿನ ಸುದ್ದಿ ಎತ್ತಕೂಡದು, ಎತ್ತಿದರೆ ಊಟ ಅಲ್ಲೇ ಆ ರಬ್ಬರಿನೊಳಗೇ ಆಗಲಿ ಎಂದು ಕಾನೂನು ಮಾಡಿದಳು.

ಭಾವ ಕಾನೂನಿಗೆ ತಲೆಬಾಗುವ ಮನುಷ್ಯ. ಅಂದಿನಿಂದ ಮನೆಯಲ್ಲಿ ಅವರು ಹವಾಮಾನ, ತರಕಾರಿಯ ಬೆಲೆ, ನೆರೆಮನೆಯ ನಾಯಿ ಇವಿಷ್ಟನ್ನೇ ಮಾತಾಡಿದರು. ಬೇರೆ ವಿಷಯ ಇರಲಿಲ್ಲವಾದ್ದರಿಂದ ಬರಬರುತ್ತ ಮಾತೇ ಕಡಿಮೆಯಾಯಿತು. ಅಕ್ಕನಿಗೆ ಗೆದ್ದೆ ಎನಿಸಿತ್ತು.

ಆಮೇಲೆ ಒಂದು ದಿನ ಅವಳು ನನ್ನ ಅಂಗಡಿಗೆ ಲಂಗ ತಂದು ಸೊಂಟ ಬಿಗಿ ಮಾಡಿಕೊಡು ಎಂದಳು. ಮಾಡಿಕೊಟ್ಟೆ. ಸ್ವಲ್ಪ ದಿನ ಕಳೆದು ಅದೇ ಲಂಗವನ್ನು ಮತ್ತೆ ತಂದಳು. ನನ್ನ ಅಕ್ಕ ಸೊರಗುವ ಜಾತಿಯವಳಲ್ಲ. ಗಾಳಿ ಕುಡಿದರೂ ಮೈ ಬರುತ್ತದೆ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ನಾನು ಅಳತೆ ಪಟ್ಟಿ ಕೆಳಗಿಟ್ಟು ಏನು ವಿಷಯ ಎಂದು ಕೇಳಿದೆ. ಅವಳು ಎದ್ದು ಹೋಗಿ ಅಂಗಡಿಯ ಬಾಗಿಲು ಹಾಕಿ ಬಂದಳು. ಬಾಗಿಲು ಹಾಕಿಕೊಳ್ಳದೆ ಅವಳು ಒಗೆದ ಬಟ್ಟೆಯನ್ನೂ ಮಡಿಚುವುದಿಲ್ಲ. ಕೂತು, ಗೋಡೆ ನೋಡುತ್ತ ಹೇಳಿದಳು. ಹೊಟ್ಟೆ ಸರಿಯಿಲ್ಲ, ಹೊರಕಡೆಗೆ ಹೋದಾಗ ರಕ್ತ ಕಾಣಿಸುತ್ತಿದೆ, ಒಂದು ಸಲ ಅಲ್ಲ, ಆಗಾಗ.

ಆ ಕೆಂಪು ಗುಂಡಿ ಹೊಲಿದವಳು ನಾನು. ಭಾವನಿಗೆ ಹೇಳಿದೆಯಾ ಎಂದೆ.

“ಊರಿನವರೆಲ್ಲ ಅವರ ಮುಂದೆ ನಿಂತು ಹೇಳ್ಕೊಳ್ಳೋದನ್ನೇ ನಾನೂ ಹೇಳ್ಲಾ?” ಎಂದಳು. “ನಾನೇನು ಅವರ ಕ್ಯೂನಲ್ಲಿ ನಿಂತವಳಾ?”

ಕಾನೂನು ಮಾಡಿದವಳು ತಾನೇ, ಈಗ ತಾನೇ ಹೇಗೆ ಮುರಿಯಲಿ ಎಂಬ ಬಿಗುಮಾನ ಒಂದು ಕಡೆ. ಇನ್ನೊಂದು ಕಡೆ, ಹೇಳಿದ ಕೂಡಲೇ ಗಂಡನ ಕಣ್ಣಿಗೆ ತಾನು ಹೆಂಡತಿಯಾಗಿ ಕಾಣದೆ ಬರೀ ಕರುಳಾಗಿ ಕಾಣುತ್ತೇನೆ ಎಂಬ ಹೆದರಿಕೆ. ಇದನ್ನು ಅವಳು ಬಾಯಿಬಿಟ್ಟೇ ಹೇಳಿದಳು. ನನಗೆ ಮೂಗಿನ ತುದಿಯಲ್ಲಿ ಕೋಪ. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ನೀನು ಹೇಳದಿದ್ದರೆ ನಾನೇ ಹೇಳುತ್ತೇನೆ ಎಂದೆ. ಹೇಳಿದರೆ ನಿನ್ನ ಮೆಟ್ಟಿಲು ತುಳಿಯುವುದಿಲ್ಲ ಎಂದಳು. ಅವಳು ಹೇಳಿದ್ದನ್ನು ಮಾಡುವವಳು. ಊಟದ ಮೇಜಿನ ಕಾನೂನು ಇನ್ನೂ ಜಾರಿಯಲ್ಲಿರುವುದೇ ಅದಕ್ಕೆ ಸಾಕ್ಷಿ. ಕೊನೆಗೆ, ಕರುಳು ನಮ್ಮ ಊರಿಗೆ ಬರುವ ತನಕ ಬಾಯಿಗೆ ಬೀಗ ಹಾಕಿಕೋ, ಆಮೇಲೆ ನೋಡೋಣ ಎಂದಳು. ನೋಡೋಣ ಎಂದರೆ ಏನು ಎಂದು ಕೇಳಿದ್ದಕ್ಕೆ ಲಂಗ ಯಾವಾಗ ಸಿಗುತ್ತದೆ ಎಂದಳು.

ಅಷ್ಟು ದಿನವೂ ಭಾವ ಊರೂರು ಸುತ್ತಿ, ಕರುಳಿನ ಕೊನೆಯ ತುದಿಯಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತು, ಹೊರಗೆ ಬಂದ ಒಬ್ಬೊಬ್ಬರನ್ನೂ ಅದೇ ಪ್ರಶ್ನೆ ಕೇಳುತ್ತಿದ್ದರು. ಹೊಟ್ಟೆ ಸರಿಯಾಗಿ ಹೋಗುತ್ತಿದೆಯಾ? ರಕ್ತ ಏನಾದರೂ ಕಾಣಿಸಿಕೊಂಡಿದೆಯಾ? ಹೌದು ಎಂದವರನ್ನು ಮೂರನೆಯ ಪ್ರಶ್ನೆ ಕೇಳಿ ಆಸ್ಪತ್ರೆಗೆ ಕಳಿಸುತ್ತಿದ್ದರು. ಮನೆಯವರು ಯಾರಾದರೂ ಜೊತೆಗೆ ಬಂದಿದ್ದಾರಾ? ಎಲ್ಲವನ್ನೂ ಬಸ್ಸಿನಲ್ಲಿ ಟಿಕೆಟ್ ಕೇಳುವ ದನಿಯಲ್ಲಿ ಕೇಳುತ್ತಿದ್ದರು, ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಚಪ್ಪಲಿ ಬಿಟ್ಟ ಬರಿಗಾಲುಗಳನ್ನು ನೋಡುತ್ತ ಕೇಳುತ್ತಿದ್ದರು. ಯಾಕೆ ಹಾಗೆ ಎಂದು ಒಮ್ಮೆ ಕೇಳಿದ್ದೆ.

“ಮುಖ ನೋಡಿದ್ರೆ ಎಲ್ರೂ ‘ಇಲ್ಲ’ ಅಂತಾರೆ” ಎಂದಿದ್ದರು. “ಕಾಲು ನೋಡ್ತಾ ಕೇಳಿದ್ರೆ ಹೇಳ್ತಾರೆ.”

ಮನೆಗೆ ಬಂದು ಮಾತ್ರ ಹೆಂಡತಿಯ ಮುಖವನ್ನೂ ನೋಡದೆ, ಕಾಲನ್ನೂ ನೋಡದೆ, ತಟ್ಟೆ ನೋಡಿಕೊಂಡು ಊಟ ಮಾಡುತ್ತಿದ್ದರು. ಒಳ್ಳೆಯವರು, ಕಾನೂನು ಮುರಿಯದವರು. ಅವರನ್ನು ಹಿಡಿದು ಅಲ್ಲಾಡಿಸಬೇಕು ಎನಿಸುತ್ತಿತ್ತು.

ಕೊನೆಗೂ ಕರುಳು ನಮ್ಮ ಊರಿಗೆ ಬಂತು. ಪುರಭವನದ ಒಳಗೇ ಅದನ್ನು ನಿಲ್ಲಿಸಬೇಕು, ಇಲಾಖೆಯ ದೊಡ್ಡ ಸಾಹೇಬರೇ ಬಂದು ಉದ್ಘಾಟನೆ ಮಾಡುತ್ತಾರೆ ಎಂದು ಗೊತ್ತಾದ ಮೇಲೆ ಕಿರಿ ಸಾಹೇಬರು ಭಾವನನ್ನೂ ರಿಪೇರಿಗೆಂದು ಬಂದಿದ್ದ ನನ್ನನ್ನೂ ಕೂರಿಸಿಕೊಂಡು ಸಭೆ ಮಾಡಿದರು. ಸಭೆಯ ವಿಷಯ ಒಂದೇ. ದೊಡ್ಡ ಸಾಹೇಬರು ಒಳಗೆ ಹೋಗುವುದು ಎಲ್ಲರಿಗೂ ಇಷ್ಟ, ಆದರೆ ಹೊರಗೆ ಬರುವುದು ಎಲ್ಲಿಂದ? ಪತ್ರಿಕೆಯವರು ಕ್ಯಾಮೆರಾ ಹಿಡಿದು ನಿಂತಿರುತ್ತಾರೆ. ಅಂಥ ಕಡೆಯಿಂದ ಸಾಹೇಬರು ಕೈಮುಗಿಯುತ್ತ ಹೊರಬರುವ ಫೋಟೋ ಮರುದಿನ ಮನೆ ಮನೆಗೆ ಹೋದರೆ ಇಲಾಖೆಯ ಮಾನ ಏನಾಗಬೇಕು?

ಮೊದಲು ಆ ತುದಿಯಲ್ಲಿದ್ದ ‘ಗುದದ್ವಾರ’ ಎಂಬ ಫಲಕ ತೆಗೆದು ‘ನಿರ್ಗಮನ’ ಎಂದು ಹಾಕಿದರು. ಫಲಕ ಬದಲಾದರೂ ದ್ವಾರ ಅದೇ ತಾನೆ, ನೋಡಿದವರಿಗೆ ಗೊತ್ತಾಗುತ್ತಿತ್ತು. ಹೂವಿನ ಮಾಲೆಗಳಿಂದ ಸುತ್ತಲೂ ಅಲಂಕಾರ ಮಾಡಿಸಿದರು. ಮಾಡಿಸಿದ ಮೇಲೆ ದೂರ ನಿಂತು ನೋಡಿದರು, ಬೇಗ ಬೇಗ ಬಿಚ್ಚಿಸಿದರು. ಪರದೆ ಇಳಿಬಿಡೋಣ ಎಂದರು. ಪರದೆ ಸರಿಸಿಕೊಂಡು ಸಾಹೇಬರ ತಲೆ ಮೊದಲು ಹೊರಗೆ ಬರುವುದನ್ನು ಎಲ್ಲರೂ ಮನಸ್ಸಿನಲ್ಲೇ ನೋಡಿ ಪರದೆಯನ್ನೂ ಕೈಬಿಟ್ಟರು. ನನಗೆ ನಗು ತಡೆಯಲಾಗದೆ ದಾರ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಹೋದೆ.

ಕಿರಿ ಸಾಹೇಬರಿಗೇ ಕೊನೆಗೆ ಉಪಾಯ ಹೊಳೆಯಿತು. ಸಾಹೇಬರು ಕೊನೆಯ ತುದಿಯಲ್ಲಿ ರಿಬ್ಬನ್ ಕತ್ತರಿಸಿ, ಅಲ್ಲಿಂದಲೇ ಒಳಗೆ ಹೋಗಿ, ಉಲ್ಟಾ ದಿಕ್ಕಿನಲ್ಲಿ ಪೂರ್ತಿ ನಡೆದು, ಸಣ್ಣ ಕರುಳಿನ ಬಾಗಿಲಿಂದ ಗೌರವವಾಗಿ ಹೊರಗೆ ಬರುವುದು. ಕ್ಯಾಮೆರಾಗಳು ಆ ಕಡೆ ಕಾಯುವುದು. ಜವಾನ ಸಾಹೇಬರ ಬೂಟು ಹಿಡಿದುಕೊಂಡು ಅಲ್ಲೇ ನಿಂತಿರುವುದು. ಉಂಡದ್ದು ಹೀಗೆ ಹಿಂದಕ್ಕೆ ನಡೆದರೆ ಅದಕ್ಕೆ ಕಾಯಿಲೆ ಎನ್ನುತ್ತಾರೆ. ಸಾಹೇಬರು ನಡೆದರೆ ಶಿಷ್ಟಾಚಾರ. ಭಾವ ಹಣೆ ಉಜ್ಜಿಕೊಂಡರೇ ವಿನಾ ಎದುರಾಡಲಿಲ್ಲ. ಕವಾಟ ಒಳಗಿನಿಂದ ತೆರೆಯುವುದಿಲ್ಲ, ಅದನ್ನು ಬಿಚ್ಚಿ ಕಟ್ಟಿಡು ಎಂದು ನನಗೆ ಹೇಳಿದರು, ಅಷ್ಟೆ.

ಉದ್ಘಾಟನೆಯ ದಿನ ನಾನು ಬೇಗ ಹೋಗಿ ಕವಾಟದ ಎರಡು ತುಟಿಗಳನ್ನೂ ಹೊರಗಡೆಗೆ ಎಳೆದು ಬಟ್ಟೆಯ ಪಟ್ಟಿಯಿಂದ ಬಿಗಿದು ಕಟ್ಟಿದೆ. ಪಕ್ಕದಲ್ಲಿ ನಿಂತು ಕಾಯಬೇಕೆಂದೇ ಇದ್ದೆ. ಅಷ್ಟರಲ್ಲಿ ಇಲಾಖೆ ತಂದಿದ್ದ ಕತ್ತರಿ ರಿಬ್ಬನ್ನನ್ನು ಕತ್ತರಿಸದೆ ಅಗಿಯುತ್ತಿದೆ ಎಂದು ಗೊತ್ತಾಗಿ ನನ್ನ ಕತ್ತರಿಗೆ ಬುಲಾವ್ ಬಂತು. ಕತ್ತರಿಯ ಜೊತೆ ನಾನೂ ತಟ್ಟೆ ಹಿಡಿದು ಆ ತುದಿಗೆ ಹೋಗಿ ನಿಲ್ಲಬೇಕಾಯಿತು. ರಿಬ್ಬನ್ ಕತ್ತರಿಸುವ ತನಕ ಪುರಭವನದ ಜನ, ಕ್ಯಾಮೆರಾ, ಜವಾನ ಎಲ್ಲ ಅಲ್ಲೇ. ಸಣ್ಣ ಕರುಳಿನ ಬಾಗಿಲಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಅಕ್ಕ ಭಾವನ ಊಟದ ಡಬ್ಬಿ ಹಿಡಿದು ಹಿಂದಿನ ಬಾಗಿಲಿಂದ ಬಂದಿದ್ದಾಳೆ. ಮುಂದಿನದೆಲ್ಲ ಅವಳೇ ನನಗೆ ಆಮೇಲೆ ಹೇಳಿದ್ದು. ಡಬ್ಬಿ ಇಟ್ಟು ಹೊರಟುಬಿಡಬೇಕು ಎಂದುಕೊಂಡಿದ್ದಳಂತೆ. ನೋಡುವವರು ಯಾರೂ ಇಲ್ಲ ಎಂದು ಕಂಡಾಗ ಚಪ್ಪಲಿ ಬಿಟ್ಟಳು. ಬಾಗಿಲ ಬಳಿ ಏನೋ ಬಟ್ಟೆ ಕಟ್ಟಿ ತುಟಿ ಬಾಯಿ ಬಿಟ್ಟುಕೊಂಡು ನಿಂತಿತ್ತು. ಯಾರಾದರೂ ಬಂದು ಇಣುಕಿದರೆ ಗತಿಯೇನು? ಒಳಗೆ ಹೋಗುತ್ತ ಪಟ್ಟಿ ಬಿಚ್ಚಿ, ನೀಟಾಗಿ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕವಾಟ ಪಚಕ್ಕೆಂದು ಮುಚ್ಚಿಕೊಂಡಿತು. ಅವಳಿಗೆ ನೆಮ್ಮದಿಯಾಯಿತು.

ಒಳಗೆ ನಸುಗೆಂಪು ಬೆಳಕು. ಗೋಡೆಯೊಳಗಿಂದ ಒಂದು ದನಿ. ಅದು ಭಾವನ ದನಿ. ಇಲಾಖೆಯವರು ಅವರ ವಿವರಣೆಯನ್ನು ಧ್ವನಿಮುದ್ರಣ ಮಾಡಿ ಅಲ್ಲಲ್ಲಿ ಸ್ಪೀಕರ್ ಇಟ್ಟಿದ್ದಾರೆ. ಊರೂರಿಗೂ ಗೊತ್ತಿದ್ದ ಆ ಮೆತ್ತಗಿನ ದನಿಯನ್ನು ಅಕ್ಕ ಕೇಳಿದ್ದು ಅದೇ ಮೊದಲು. ಈಗ ನೀವು ನಿಂತಿರುವ ಜಾಗಕ್ಕೆ ಬರುವುದರೊಳಗೆ ಊಟದ ಸಾರವೆಲ್ಲ ಹೋಗಿರುತ್ತದೆ, ಉಳಿದದ್ದರಿಂದ ನೀರನ್ನು ದೊಡ್ಡ ಕರುಳು ಇಲ್ಲಿ ನಿಧಾನವಾಗಿ ಹೀರಿಕೊಳ್ಳುತ್ತದೆ ಎಂದು ಆ ದನಿ ಹೇಳುತ್ತಿತ್ತು. ಇಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳು ಸಂಸಾರ ಹೂಡಿವೆ, ನಮ್ಮ ಕೈಲಿ ಅರಗದ ನಾರನ್ನು ಅವು ಅರಗಿಸಿ ಪ್ರತಿಯಾಗಿ ನಮಗೆ ಒಳ್ಳೆಯದನ್ನೇ ಕೊಡುತ್ತವೆ, ಸ್ವಲ್ಪ ಗಾಳಿಯನ್ನೂ ಕೊಡುತ್ತವೆ, ಅದಕ್ಕೆ ನಗಬೇಡಿ, ಮನೆ ಎಂದ ಮೇಲೆ ಅಡುಗೆಯ ಹೊಗೆ ಇರುತ್ತದೆ ಎಂದಿತು. ಅಕ್ಕ ನಕ್ಕಳಂತೆ. ಇಳಿಯುವ ಭಾಗಕ್ಕೆ ಬಂದಾಗ ನನ್ನ ಗುಂಡಿಗಳು ಕಂಡವು. ಹಸಿರು, ಹಳದಿ, ಕೆಂಪು.

“ಹೆದರ್ಕೋಬೇಡಿ” ಎಂದಿತು ಗೋಡೆ. “ಚಿಕ್ಕದಾಗಿರುವಾಗ ಸಿಕ್ಕಿದ್ರೆ ಇದನ್ನ ತೆಗೆದುಹಾಕ್ತಾರೆ. ಹೇಳ್ಕೊಳ್ಳಿ. ನಿಮ್ಮವರ ಹತ್ರ ಹೇಳ್ಕೊಳ್ಳಿ.”

ಅಕ್ಕ ಅಲ್ಲೇ ನಿಂತುಬಿಟ್ಟಳು. ಅವಳಿಗೆ ಅಳು ಬಂತು. ಜೊತೆಗೆ ಸಿಟ್ಟೂ ಬಂತು. ಮನೆಯಲ್ಲಿ ಉಪ್ಪು ಕೊಡು ಎನ್ನುವುದಕ್ಕೂ ಈ ಮನುಷ್ಯ ಇಷ್ಟು ಮೆತ್ತಗೆ ಮಾತಾಡಿದವರಲ್ಲ ಎಂದು. ದನಿ ಅದನ್ನೇ ಮತ್ತೆ ಹೇಳಿತು. ಅವಳು ಅದನ್ನು ಮತ್ತೆ ಕೇಳಿದಳು.

ಅಷ್ಟರಲ್ಲಿ ಎದುರಿನಿಂದ ದೊಡ್ಡ ಸಾಹೇಬರು ಕಾಲುಚೀಲದಲ್ಲಿ ಜಾರುತ್ತ ಬಂದರು. ಒಬ್ಬರೇ. ಹಿಂಬಾಲಿಸಬೇಕಾದವರೆಲ್ಲ ಫೋಟೋದಲ್ಲಿ ಇರಬೇಕೆಂದು ಆಗಲೇ ಹೊರಗಿನಿಂದ ಸಣ್ಣ ಕರುಳಿನ ಬಾಗಿಲಿಗೆ ಓಡಿದ್ದರು. ದಾರಿ ಬಿಡಮ್ಮ ಎಂದು ಅಕ್ಕನನ್ನು ಸರಿಸಿ ಮುಂದೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ದೂರದಲ್ಲಿ ಯಾರೋ ಕೂಗುವುದು ಕೇಳಿತು. ಅಕ್ಕ ಕಣ್ಣೊರೆಸಿಕೊಂಡು ಹಿಂದಿರುಗಿ ಹೋಗಿ ನೋಡಿದರೆ, ಸಾಹೇಬರು ಕವಾಟವನ್ನು ಭುಜದಿಂದ ಗುದ್ದುತ್ತಿದ್ದಾರೆ, ಅದು ಗುದ್ದಿದಷ್ಟೂ ಬಿಗಿಯಾಗುತ್ತಿದೆ. ಬೇರೆ ಬಾಗಿಲಿರಬಹುದೆಂದು ಪಕ್ಕದಲ್ಲಿದ್ದ ಕಿರಿದಾದ ಚೀಲದೊಳಗೆ ತೂರಿಕೊಂಡರು. ಅದು ಅಪೆಂಡಿಕ್ಸು. ಎಲ್ಲಿಗೂ ಹೋಗದ ಓಣಿ. ಅಲ್ಲಿಂದ ಅವರನ್ನು ಕೋಟು ಹಿಡಿದು ಎಳೆದವಳು ಅಕ್ಕ.

ಸಾಹೇಬರು ಬೆವರು ಒರೆಸಿಕೊಂಡು, ಬೇರೆ ದಾರಿ ಇಲ್ಲವೇ ಎಂದು ಕೇಳಿದರಂತೆ. ಇಲ್ಲ, ಎಲ್ಲರಿಗೂ ಒಂದೇ ದಾರಿ, ಬನ್ನಿ, ನಾನೂ ಅಲ್ಲೇ ಹೋಗುತ್ತಿದ್ದೇನೆ ಎಂದಳಂತೆ ಅಕ್ಕ. ಅಷ್ಟು ಹೊತ್ತಿಗೆ ಅವಳ ಮನಸ್ಸು ಗಟ್ಟಿಯಾಗಿತ್ತು.

ಹೊರಗೆ ಆದ ರಾದ್ಧಾಂತವನ್ನು ನಾನೇ ಕಣ್ಣಾರೆ ಕಂಡೆ. ಸಣ್ಣ ಕರುಳಿನ ಬಾಗಿಲಲ್ಲಿ ಹಾರ ಹಿಡಿದು ನಿಂತವರಿಗೆ ಒಳಗಿನ ಗುದ್ದಾಟ ಕೇಳಿತು. ಹೊರಗಿನಿಂದ ಮೆತ್ತಗೆ ತಳ್ಳಿದ್ದರೆ ಕವಾಟ ತೆರೆಯುತ್ತಿತ್ತು. ಆದರೆ ಒಳಗಿರುವುದು ಸಾಹೇಬರು, ಅವರ ಮೇಲೆ ತಳ್ಳುವ ಧೈರ್ಯ ಯಾರಿಗಿದೆ? ನಾನು ಜನರ ನಡುವೆ ನುಗ್ಗಿ ಅಲ್ಲಿಗೆ ತಲುಪುವುದರೊಳಗೆ, ಸಾಹೇಬರು ವಾಪಸು ಹೊರಟರು ಎಂಬ ಸುದ್ದಿ ಬಂತು. ಕ್ಯಾಮೆರಾಗಳೆಲ್ಲ ದಡಬಡ ಓಡಿದವು. ಬೂಟು ಹಿಡಿದ ಜವಾನನೂ ಓಡಿದ. ಕಿರಿ ಸಾಹೇಬರು ಫೋಟೋ ಬೇಡ, ಫೋಟೋ ಬೇಡ ಎನ್ನುತ್ತ ಎಲ್ಲರಿಗಿಂತ ಮುಂದೆ ಓಡಿದರು. ಆ ತುದಿಯಲ್ಲಿ ಯಂತ್ರದ ಸ್ವಿಚ್ಚಿನ ಪಕ್ಕ, ಎಂದಿನ ಸ್ಟೂಲಿನ ಮೇಲೆ, ಭಾವ ತಲೆ ತಗ್ಗಿಸಿ ಕೂತಿದ್ದರು. ಕೆಲಸ ಹೋಯಿತು ಎಂದು ಅವರ ಮುಖದಲ್ಲೇ ಬರೆದಿತ್ತು.

ಮೊದಲು ಹೊರಗೆ ಬಂದವಳು ಅಕ್ಕ. ಸಾಹೇಬರು ಕ್ಯಾಮೆರಾ ಕಂಡು ಅವಳ ಬೆನ್ನ ಹಿಂದೆ ಕುಗ್ಗಿ ಕೂತರು. ನನ್ನ ಕೈಲಿದ್ದ ತಟ್ಟೆಯಿಂದ ಕತ್ತರಿ ಕೆಳಗೆ ಬಿತ್ತು. ಅಕ್ಕ ನನ್ನನ್ನು ನೋಡಲಿಲ್ಲ. ನೆಟ್ಟಗೆ ಸ್ಟೂಲಿನ ಮುಂದೆ ಹೋಗಿ, ಕ್ಯೂನಲ್ಲಿ ಬಂದವರ ಹಾಗೆ ನಿಂತಳು.

ಭಾವನ ಕಣ್ಣು ಅವಳ ಕಾಲಿನ ಮೇಲೆ ಬಿತ್ತು. ಹೆಬ್ಬೆರಳಿನ ಉಗುರು ಸೊಟ್ಟಗಿರುವ, ಹಿಮ್ಮಡಿ ಒಡೆದ ಕಾಲು. ಗಾಳಿ ಕೋಟೆಯ ಯಂತ್ರವನ್ನು ಮನೆಯಲ್ಲಿಡುತ್ತಿದ್ದ ಕಾಲದಲ್ಲಿ ಅದು ಬಿದ್ದೇ ಆ ಉಗುರು ಸೊಟ್ಟಗಾದದ್ದು. ಅವರ ಮುಖ ಅರಳಿತು. ಇಷ್ಟು ವರ್ಷಕ್ಕೆ ಹೆಂಡತಿ ತನ್ನ ಕೆಲಸ ನೋಡಲು ಬಂದಳಲ್ಲ ಎಂದು, ಆ ಗದ್ದಲದಲ್ಲೂ, ಒಂದು ಸಣ್ಣ ನಗು ಬಂತು. ತಮಾಷೆಗೋ ಅಭ್ಯಾಸ ಬಲಕ್ಕೋ, ತಲೆ ಎತ್ತದೆ ಕೇಳಿದರು.

“ಹೊಟ್ಟೆ ಸರಿಯಾಗಿ ಹೋಗ್ತಿದೆಯಾ?”

“ಇಲ್ಲ” ಎಂದಳು ಅಕ್ಕ.

ನಗು ಅಲ್ಲೇ ನಿಂತಿತು. ಎರಡನೆಯ ಪ್ರಶ್ನೆಯನ್ನು ಅವಳ ಕಾಲಿಗೇ ಕೇಳಿದರು. “ರಕ್ತ ಏನಾದ್ರೂ ಕಾಣಿಸ್ಕೊಂಡಿದೆಯಾ?”

“ಹೌದು.”

ಕ್ಯಾಮೆರಾಗಳು ಚಕಚಕ ಎನ್ನುತ್ತಿದ್ದವು. ಹಿಂದೆ ಸಾಹೇಬರು, ದಾರಿ ಬಿಡಮ್ಮ, ದಾರಿ ಬಿಡು ಎಂದು ಗೊಣಗುತ್ತಿದ್ದರು. ಅಕ್ಕ ಅಲ್ಲಾಡಲಿಲ್ಲ. ಮೂರನೆಯ ಪ್ರಶ್ನೆ ಭಾವನ ಬಾಯಿಂದ ತಾನಾಗಿ ಬಂತು. ಅದನ್ನು ಅವರು ಕೇಳಿದರು ಎನ್ನುವುದಕ್ಕಿಂತ, ಬೇರೆ ಮಾತು ಗೊತ್ತಿರಲಿಲ್ಲ ಎನ್ನಬೇಕು.

“ಮನೆಯವರು ಯಾರಾದ್ರೂ ಜೊತೆಗೆ ಬಂದಿದಾರಾ?”

“ಇಲ್ಲೇ ಕೂತಿದಾರೆ” ಎಂದಳು ಅಕ್ಕ. “ಏಳಿಸ್ಬೇಕು, ಅಷ್ಟೆ.”

ಭಾವ ತಲೆ ಎತ್ತಿ ಅವಳ ಮುಖ ನೋಡಿದರು. ಎಷ್ಟೋ ಹೊತ್ತು ನೋಡಿದರು. ಆಮೇಲೆ ಎದ್ದರು. ಕಾವಲುಗಾರ ಜಾಗ ಬಿಟ್ಟು ಏಳುವಾಗ ಯಂತ್ರ ಆರಿಸಬೇಕೆಂಬುದು ಗಾಳಿಯ ಕೆಲಸದ ಮೊದಲ ಪಾಠ. ಅವರ ಕೈ ತಾನಾಗಿ ಹೋಗಿ ಸ್ವಿಚ್ಚು ಒತ್ತಿತು. ಕರುಳು ಒಂದು ದೀರ್ಘ ಉಸಿರು ಬಿಟ್ಟು ನಿಧಾನವಾಗಿ ಕುಸಿಯತೊಡಗಿತು. ಕಿರಿ ಸಾಹೇಬರು ಹೋ ಎಂದು ಓಡಿ ಬಂದರು, ಜವಾನ ಬೂಟು ಬಿಸಾಕಿ ಓಡಿ ಬಂದ. ಎಲ್ಲರೂ ಸೇರಿ ದೊಡ್ಡ ಸಾಹೇಬರನ್ನು ಕೈ ಹಿಡಿದು ಹೊರಗೆ ಎಳೆದುಕೊಂಡರು. ಅಪಾಯವೇನೂ ಇರಲಿಲ್ಲ, ರಬ್ಬರು ಅವರ ತಲೆಯ ಮೇಲೆ ಹೊದಿಕೆಯ ಹಾಗೆ ಕೂತಿತ್ತು, ಅಷ್ಟೆ. ಭಾವ ಇದ್ಯಾವುದನ್ನೂ ನೋಡಲಿಲ್ಲ. ಅಕ್ಕನ ಕೈ ಹಿಡಿದು ಬಾಗಿಲ ಕಡೆ ನಡೆಯುತ್ತಿದ್ದರು. ಯಾವಾಗಿನಿಂದ ಎಂದು ಕೇಳುತ್ತಿದ್ದರು. ಆ ಪ್ರಶ್ನೆಯನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳ ಚಪ್ಪಲಿ ಸಣ್ಣ ಕರುಳಿನ ತುದಿಯಲ್ಲೇ ಉಳಿದಿತ್ತು. ಅದನ್ನು ಎತ್ತಿಕೊಂಡು ನಾನು ಆಸ್ಪತ್ರೆಯವರೆಗೂ ಅವರ ಹಿಂದೆ ಓಡಿದೆ.

ಪತ್ರಿಕೆಯಲ್ಲಿ ಫೋಟೋ ಬಂತು. ಮುಂದೆ ನನ್ನ ಅಕ್ಕ, ಹಿಂದೆ ಸಾಹೇಬರ ಅರ್ಧ ಕಿವಿ. ‘ಜನಸಾಮಾನ್ಯರ ಸಾಲಿನಲ್ಲಿ ನಿಂತು ಮಾದರಿಯಾದ ಸಾಹೇಬರು’ ಎಂದು ಕೆಳಗೆ ಬರೆದಿದ್ದರು. ಸಾಹೇಬರಿಗೆ ಅದು ಎಷ್ಟು ಹಿಡಿಸಿತೆಂದರೆ ಭಾವನ ಕೆಲಸದ ತಂಟೆಗೆ ಯಾರೂ ಹೋಗಲಿಲ್ಲ. ಆಮೇಲಿನ ಎಲ್ಲ ಉದ್ಘಾಟನೆಗಳಲ್ಲೂ ಸಾಹೇಬರುಗಳು ಆ ಬಾಗಿಲಿಂದಲೇ ಹೊರಗೆ ಬರಬೇಕೆಂದು ಹಟ ಹಿಡಿಯುತ್ತಾರಂತೆ.

ಅಕ್ಕನ ಕರುಳಿನಲ್ಲಿ ಇಳಿಯುವ ಭಾಗದಲ್ಲೇ ಇತ್ತು ಅದು. ವೈದ್ಯರು ಬೆರಳಿನಿಂದ ತೋರಿಸಿದ ಅಳತೆ ನೋಡಿ ನನಗೆ ಗೊತ್ತಾಯಿತು, ನನ್ನ ಹಳದಿ ಗುಂಡಿಗಿಂತ ದೊಡ್ಡದು, ಕೆಂಪಿಗಿಂತ ಚಿಕ್ಕದು. ಇನ್ನೊಂದು ವರ್ಷ ಬಾಗಿಲು ಹಾಕಿಕೊಂಡು ಕೂತಿದ್ದರೆ ನಾವು ಏನೂ ಮಾಡುವ ಹಾಗಿರಲಿಲ್ಲ ಎಂದರು. ಅದನ್ನು ಕತ್ತರಿಸಿ ತೆಗೆದರು. ಆಗಾಗ ಹೋಗಿ ತೋರಿಸಿಕೊಳ್ಳಬೇಕು, ಹೋಗುತ್ತಾಳೆ. ಲಂಗದ ಸೊಂಟವನ್ನು ಈಗ ಬಿಡಿಸಿ ಅಗಲ ಮಾಡಿಕೊಟ್ಟಿದ್ದೇನೆ.

ಹೊಸಿಲಿನ ಕಾನೂನು ರದ್ದಾಗಿದೆ. ಇಷ್ಟು ವರ್ಷ ಒಳಗೇ ಕಟ್ಟಿಟ್ಟುಕೊಂಡಿದ್ದನ್ನೆಲ್ಲ ಭಾವ ಈಗ ಊಟದ ಹೊತ್ತಿಗೆ ಬಿಚ್ಚುತ್ತಾರೆ. ನೀರು, ನಾರು, ಜೀವಿಗಳ ಸಂಸಾರ, ಗಾಳಿ, ಯಾವುದನ್ನೂ ಬಿಡುವುದಿಲ್ಲ. ನಾನಂತೂ ಅವರ ಮನೆಯಲ್ಲಿ ಊಟಕ್ಕೆ ಕೂರುವುದನ್ನೇ ಬಿಟ್ಟಿದ್ದೇನೆ. ಅಕ್ಕ ಮಾತ್ರ ತುತ್ತು ಬಾಯಲ್ಲಿಟ್ಟುಕೊಂಡೇ ಕೇಳುತ್ತಾಳೆ, ಅವರು ನಿಲ್ಲಿಸಿದರೆ ‘ಆಮೇಲೆ?’ ಎನ್ನುತ್ತಾಳೆ.